ಅಪ್ಪ-ಅಮ್ಮನ ಜೊತೆ ಟ್ಯೂಬಿಂಗೆನ್: ಒಂದೂವರೆ ದಿನದಲ್ಲಿ ಏನೇನು ನೋಡಬೇಕು?

ಧಾರವಾಡದ_ಮಗಳು
ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೇ ತಿಂಗಳಲ್ಲಿ ಧಾರವಾಡದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪ 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಅವರಿಗೆ ಮಾಲ್, ಕಾರ್ ಮ್ಯೂಸಿಯಂ ಇದೆಲ್ಲ ಬೇಡ, ಹಳೇ ಊರು ತೋರಿಸು ಸಾಕು ಅಂದಿದ್ದಾರೆ. ಎಲ್ಲರೂ ಹೈಡೆಲ್‌ಬರ್ಗ್ ಅನ್ನುತ್ತಾರೆ. ನನ್ನ ಆಫೀಸಿನವರೊಬ್ಬರು ಟ್ಯೂಬಿಂಗೆನ್ ಅಂದರು. ನಾನು ಎರಡನ್ನೂ ಸರಿಯಾಗಿ ನೋಡಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ಹತ್ತಲು ಆಗಲ್ಲ. ಇರುವುದು ಒಂದೂವರೆ ದಿನ. ಹೋಗಿ ಬಂದವರು ಬಿಡಿಸಿ ಹೇಳುತ್ತೀರಾ?

ಮಾನ್ಹೈಮ್_ಮಂಜ
ಹೈಡೆಲ್‌ಬರ್ಗ್ ಅನ್ನಿ, ಯೋಚನೆ ಬೇಡ. 1386ರ ವಿಶ್ವವಿದ್ಯಾಲಯ, ಬೆಟ್ಟದ ಮೇಲೆ ಕೆಂಪು ಕಲ್ಲಿನ ಕೋಟೆ, ನದಿ ಮೇಲೆ ಹಳೇ ಸೇತುವೆ. ಫ್ರೆಂಚರು 1689ರಲ್ಲಿ ಒಮ್ಮೆ, 1693ರಲ್ಲಿ ಇನ್ನೊಮ್ಮೆ ಊರು-ಕೋಟೆ ಹಾಳು ಮಾಡಿದರು. ಆ ಮುರಿದ ಗೋಡೆಗಳೇ ನೋಡಲು ಚಂದ. ಕೋಟೆಗೆ ಹಳಿ ಮೇಲೆ ಏರುವ ಬಂಡಿ ಇದೆ, ಅಮ್ಮ ಹತ್ತುವ ಅಗತ್ಯ ಇಲ್ಲ.

ನೆಕ್ಕರ್_ತೀರ
ಮಂಜಣ್ಣ ಹೇಳಿದ್ದು ತಪ್ಪಲ್ಲ, ಹೈಡೆಲ್‌ಬರ್ಗ್ ಚೆನ್ನಾಗಿದೆ. ಆದರೆ ಈ ಅಪ್ಪನಿಗೆ ಟ್ಯೂಬಿಂಗೆನ್ನೇ ಸರಿ ಅಂತ ನನ್ನ ಅಭಿಪ್ರಾಯ. ನಾನು ಇಲ್ಲೇ ಐದನೇ ವರ್ಷದ ಪಿಎಚ್‌ಡಿಯಲ್ಲಿದ್ದೇನೆ, ಅದಕ್ಕೆ ಪಕ್ಷಪಾತ ಇರಬಹುದು, ಕಾರಣ ಕೇಳಿ.

ಅಪ್ಪ ಕನ್ನಡ ಮೇಷ್ಟ್ರು ಅಂದಿರಿ. ಕಿಟೆಲ್ ನಿಘಂಟು ಬಳಸದೆ ಇರಲು ಸಾಧ್ಯವೇ ಇಲ್ಲ. ಆ ಕಿಟೆಲ್ ಕೊನೆಗಾಲ ಕಳೆದದ್ದು ಈ ಊರಲ್ಲಿ. ತೀರಿಕೊಂಡದ್ದೂ ಇಲ್ಲೇ, 1903ರ ಡಿಸೆಂಬರ್‌ನಲ್ಲಿ. ಇಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನಿಘಂಟು ಮಂಗಳೂರಲ್ಲಿ ಅಚ್ಚಾಗಿ ಎರಡು ವರ್ಷ ಆಗಿತ್ತು ಆಗ. ಸುಮಾರು 70,000 ಪದಗಳ ಆ ಪುಸ್ತಕವನ್ನು ಜರ್ಮನಿಯ ಒಂದು ಸಣ್ಣ ಊರು ಗುರುತಿಸಿ ಗೌರವ ಕೊಟ್ಟಿತು ಅಂದರೆ ಅಪ್ಪನಿಗೆ ಖುಷಿಯಾಗಲ್ವಾ?

ಊರೂ ಹಾಗೇ ಉಳಿದಿದೆ. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಹೇಗೆ ನೆಲಸಮ ಆಯಿತು ನಿಮಗೆ ಗೊತ್ತು. ಟ್ಯೂಬಿಂಗೆನ್‌ಗೆ ತಗಲಿದ್ದು ತೀರಾ ಕಮ್ಮಿ. ಹಳೇ ಪೇಟೆಯ ಮರದ ಚೌಕಟ್ಟಿನ ಮನೆಗಳು ಸುಮ್ನೆ ಹೊಸದಾಗಿ ಕಟ್ಟಿ ತೋರಿಸಿದ್ದಲ್ಲ. ಮೇಲೆ ಈಗಲೂ ಜನ ವಾಸ ಮಾಡುತ್ತಾರೆ, ಕೆಳಗೆ ಅಂಗಡಿ. ಕಿಟೆಲ್ ನೋಡಿದ ಬೀದಿಯನ್ನೇ ನಿಮ್ಮ ಅಪ್ಪ ನೋಡುತ್ತಾರೆ.

ಧಾರವಾಡದ_ಮಗಳು
ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ! ನಮ್ಮ ಮನೆಯಲ್ಲಿ ಕಿಟೆಲ್ ಇದೆ. ರಟ್ಟು ಕಿತ್ತುಹೋಗಿ ಅಮ್ಮ ಹಳೇ ಸೀರೆ ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದಾರೆ. ಹಾಗಾದರೆ ಟ್ಯೂಬಿಂಗೆನ್ ಅಂತಲೇ ಇಟ್ಟುಕೊಳ್ಳೋಣ. ಎಲ್ಲಿಂದ ಶುರು ಮಾಡಲಿ ಅಣ್ಣ?

ನೆಕ್ಕರ್_ತೀರ
ನೆಕ್ಕರ್ ಸೇತುವೆಯಿಂದ. ರೈಲ್ವೆ ಸ್ಟೇಷನ್‌ನಿಂದ ನಿಧಾನ ನಡೆದರೂ ಹತ್ತು ನಿಮಿಷ, ದಾರಿ ಸಮತಟ್ಟು. ಸೇತುವೆ ಮೇಲೆ ನಿಂತು ಎಡಕ್ಕೆ ನೋಡಿ. ನೀರಿನ ಅಂಚಿಗೇ ಹಳದಿ, ಗುಲಾಬಿ, ತಿಳಿಹಸಿರು ಬಣ್ಣದ ಮನೆಗಳ ಸಾಲು. ಅದರ ಹಿಂದೆ ಚರ್ಚಿನ ಗೋಪುರ. ಸಾಲಿನ ಕೊನೆಯಲ್ಲಿ ಮೊನಚು ಚಾವಣಿಯ ಒಂದು ಹಳದಿ ಗೋಪುರದ ಮನೆ ಕಾಣುತ್ತದೆ, ಅದೇ ಹೋಲ್ಡರ್ಲಿನ್ ಗೋಪುರ.

ಸೇತುವೆಯ ಮಧ್ಯದಿಂದ ಮೆಟ್ಟಿಲಿಳಿದರೆ ನದಿ ನಡುವೆ ಉದ್ದನೆಯ ದ್ವೀಪ. ಎರಡೂ ಕಡೆ ದೊಡ್ಡ ದೊಡ್ಡ ಪ್ಲೇನ್ ಮರಗಳು, ನಡುವೆ ಮಣ್ಣಿನ ದಾರಿ, ಕೂರಲು ಬೆಂಚು. ಅಮ್ಮ ಅಲ್ಲಿ ಕೂತರೆ ಎದುರಿಗೇ ಇಡೀ ಹಳೇ ಊರು. ನಾನು ಪ್ರಬಂಧ ಬರೆದು ತಲೆ ಕೆಟ್ಟಾಗ ಹೋಗಿ ಕೂರುವುದು ಅಲ್ಲೇ.

ಮೇ ತಿಂಗಳಾದರೆ ದೋಣಿಯೂ ಇರುತ್ತದೆ. ಶ್ಟೋಖರ್‌ಕಾನ್ ಅಂತಾರೆ. ಉದ್ದನೆಯ, ತಳ ಚಪ್ಪಟೆಯಾದ ಮರದ ದೋಣಿ. ಹುಟ್ಟು ಇಲ್ಲ, ಹಿಂದೆ ನಿಂತವನು ಉದ್ದನೆಯ ಜಲ್ಲೆ ನೆಲಕ್ಕೂರಿ ತಳ್ಳುತ್ತಾನೆ. ನಮ್ಮ ಕಡೆ ಹೊಳೆ ದಾಟಿಸುವವರು ಮಾಡುವುದೂ ಇದನ್ನೇ. ಸುಮಾರು ಒಂದು ಗಂಟೆ ಸುತ್ತಿಸುತ್ತಾರೆ. ಮೊಣಕಾಲು ನೋವಿನವರಿಗೆ ಊರು ನೋಡಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಹತ್ತುವಾಗ ಇಳಿಯುವಾಗ ಮಾತ್ರ ಕೈ ಹಿಡಿದುಕೊಳ್ಳಿ, ದೋಣಿ ಅಲ್ಲಾಡುತ್ತದೆ.

ಬೆಣ್ಣೆದೋಸೆ_ದಾವಣಗೆರೆ
ಹೋಲ್ಡರ್ಲಿನ್ ಅಂದರೆ ಯಾರು? ನಾನೂ ಮುಂದಿನ ತಿಂಗಳು ಹೋಗುವವನಿದ್ದೇನೆ, ಹೇಳಿ.

ನೆಕ್ಕರ್_ತೀರ
ಜರ್ಮನ್ ಭಾಷೆಯ ಬಹಳ ದೊಡ್ಡ ಕವಿ. ಅವನ ಕತೆ ಸ್ವಲ್ಪ ಉದ್ದ, ಆದರೂ ಹೇಳುತ್ತೇನೆ. ಕತೆ ಗೊತ್ತಿಲ್ಲದೆ ಹೋದರೆ ಅದು ಬರೀ ಹಳದಿ ಕಟ್ಟಡ.

1806ರಲ್ಲಿ ಅವನಿಗೆ ಮನಸ್ಸು ಕೆಟ್ಟಿತ್ತು. ಬಲವಂತದಿಂದ ಕರೆತಂದು ಬುರ್ಸಾ ಅನ್ನುವ ಕಟ್ಟಡದ ಆಸ್ಪತ್ರೆಯಲ್ಲಿ ಇಟ್ಟರು. ಅದೂ ಅಲ್ಲೇ ಗೋಪುರದ ಹತ್ತಿರ, ನದಿ ಮೇಲಿನ ಬೀದಿಯಲ್ಲಿದೆ. ಸುಮಾರು ಏಳೂವರೆ ತಿಂಗಳಾದ ಮೇಲೆ ವಾಸಿಯಾಗಲ್ಲ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಅಂತ ಹೊರಗೆ ಕಳಿಸಿದರು. ಆಗ ಎರ್ನ್‌ಸ್ಟ್ ಜಿಮ್ಮರ್ ಅನ್ನುವ ಬಡಗಿ ಅವನನ್ನು ಮನೆಗೆ ಕರೆದುಕೊಂಡು ಹೋದ. ಅವನಿಗೂ ಕವಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಕವಿ ಬರೆದ ಪುಸ್ತಕ ಓದಿ ಮೆಚ್ಚಿದ್ದ, ಅಷ್ಟೇ. ಮೂರೇ ವರ್ಷ ಅನ್ನಿಸಿಕೊಂಡಿದ್ದ ಕವಿ ಆ ಮನೆಯಲ್ಲಿ 36 ವರ್ಷ ಬದುಕಿದ. ಜಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. 1843ರಲ್ಲಿ ಅಲ್ಲೇ ಪ್ರಾಣ ಬಿಟ್ಟ. ಕೊನೆ ಕೊನೆಗೆ ಪದ್ಯ ಕೇಳಿ ಬಂದವರಿಗೆ ಕಿಟಕಿಯಾಚೆ ಕಂಡದ್ದನ್ನು ನಾಲ್ಕಾರು ಸಾಲು ಬರೆದು, ಸ್ಕಾರ್ಡಾನೆಲ್ಲಿ ಅನ್ನುವ ಬೇರೆ ಹೆಸರು ಹಾಕಿ, ಯಾವುದೋ ಕಾಲದ ತಾರೀಖು ಬರೆದು ಕೊಡುತ್ತಿದ್ದನಂತೆ.

ಒಂದು ವಿಷಯ ಗೊತ್ತಿರಲಿ. ಅವನಿದ್ದ ಕಟ್ಟಡ 1875ರಲ್ಲಿ ಬೆಂಕಿಗೆ ಸುಟ್ಟಿತು. ಈಗಿನದು ಆಮೇಲೆ ಕಟ್ಟಿದ್ದು. ಆದರೆ ಜಾಗ ಅದೇ, ಕಿಟಕಿಯಿಂದ ಕಾಣುವ ನದಿಯೂ ಅದೇ. ಒಳಗಿನ ಮ್ಯೂಸಿಯಂ ನೋಡಲು ದುಡ್ಡು ಕೊಡಬೇಕಿಲ್ಲ.

ಹಳೇ_ಮೇಷ್ಟ್ರು
ಆ ಬಡಗಿಯ ಕತೆ ಓದಿ ಕಣ್ಣು ತುಂಬಿತು. ನೆಕ್ಕರ್ ತೀರದವರೇ, ದಯವಿಟ್ಟು ಮುಂದುವರಿಸಿ. ನಾನು ಜರ್ಮನಿಗೆ ಬರುವ ವಯಸ್ಸಲ್ಲ, ಇಲ್ಲಿ ಮೈಸೂರಲ್ಲಿ ಕೂತು ಓದುತ್ತಿದ್ದೇನೆ.

ಕುಡ್ಲದ_ಹೆಂಚು
ಕಿಟೆಲ್ ಒಬ್ಬರೇ ಅಲ್ಲ ಮಾರಾಯ್ರೆ. ನಮ್ಮ ಮಂಗಳೂರಿನ ಮೋಗ್ಲಿಂಗ್ ಅವರನ್ನು ಯಾಕೆ ಬಿಟ್ಟಿರಿ? 1843ರ ಜುಲೈ 1ರಂದು ಮಂಗಳೂರ ಸಮಾಚಾರ ಶುರು ಮಾಡಿದವರು. ಕನ್ನಡದ ಮೊದಲ ಪತ್ರಿಕೆ ಅದು, ಈಗಲೂ ಜುಲೈ 1 ಅಂದರೆ ನಮಗೆ ಪತ್ರಿಕಾ ದಿನ. ಅವರು ಓದಿದ್ದು ಟ್ಯೂಬಿಂಗೆನ್‌ನಲ್ಲೇ. 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾಲಯ. ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ ಎಲ್ಲ ಕಲ್ಲಚ್ಚಿನಲ್ಲಿ ಬಂದದ್ದು ಅವರ ಕೈಯಿಂದ.

ಬೆಣ್ಣೆದೋಸೆ_ದಾವಣಗೆರೆ
ಆದರೆ ಅವರೆಲ್ಲ ಕ್ರೈಸ್ತ ಧರ್ಮ ಪ್ರಚಾರದ ಬಾಸೆಲ್ ಮಿಷನ್‌ನವರು ಅಲ್ವಾ? ಬಾಸೆಲ್ ಇರುವುದು ಸ್ವಿಟ್ಜರ್ಲೆಂಡ್‌ನಲ್ಲಿ. ಅವರು ಸ್ವಿಸ್ ಜನ ಅಂತ ನಾನು ಅಂದುಕೊಂಡಿದ್ದೆ.

ಕುಡ್ಲದ_ಹೆಂಚು
ಮಿಷನ್‌ನ ಮುಖ್ಯ ಕಚೇರಿ ಬಾಸೆಲ್‌ನಲ್ಲಿ. ಬಂದವರಲ್ಲಿ ತುಂಬಾ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು, ಅಂದರೆ ಈ ಸ್ಟುಟ್‌ಗಾರ್ಟ್, ಟ್ಯೂಬಿಂಗೆನ್ ಸುತ್ತಮುತ್ತಲಿನವರು. ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗೆನ್‌ನಲ್ಲಿ. ಎರಡೂ ಸ್ಟುಟ್‌ಗಾರ್ಟ್‌ಗೆ ಹತ್ತಿರದ ಊರುಗಳು. ಕಿಟೆಲ್ ಮಾತ್ರ ಉತ್ತರದ ಸಮುದ್ರ ತೀರದ ಫ್ರೀಸ್‌ಲ್ಯಾಂಡ್ ಕಡೆಯವರು. ಮಲಯಾಳಕ್ಕೆ ನಿಘಂಟು ಬರೆದ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ, ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಅವರ ಸಂಗ್ರಹದ ಹಸ್ತಪ್ರತಿಗಳು, ಹಳೇ ಅಚ್ಚಿನ ಪುಸ್ತಕಗಳು ಈಗಲೂ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ತುಂಬಾ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದ್ದಾರೆ. ಅದರಲ್ಲಿ ಮಲಯಾಳದ್ದೇ ಜಾಸ್ತಿ, ಕನ್ನಡದವೂ ಇವೆ.

ನಮ್ಮಜ್ಜ ಅದೇ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅದಕ್ಕೇ ಈ ವಿಷಯ ಬಂದರೆ ಸುಮ್ಮನಿರಲು ಆಗಲ್ಲ. ಮಿಷನ್ನಿನವರು ಬಂದದ್ದು ಧರ್ಮ ಪ್ರಚಾರಕ್ಕೆ, ಅದನ್ನು ಯಾರೂ ಮುಚ್ಚಿಡುವುದು ಬೇಡ. ಆದರೆ ಬಂದವರು ನಮ್ಮ ಭಾಷೆಗೆ ಮಾಡಿದ ಕೆಲಸವನ್ನೂ ಮರೆಯುವುದು ಬೇಡ.

ನೆಕ್ಕರ್_ತೀರ
ಹೆಂಚಣ್ಣ ಸರಿಯಾಗಿ ನೆನಪಿಸಿದರು. ಇದಕ್ಕೆ ಸೇರಿಸಿ ನೋಡಬೇಕಾದ ಜಾಗ ಶ್ಟಿಫ್ಟ್. ಹೋಲ್ಡರ್ಲಿನ್ ಗೋಪುರದಿಂದ ಐದು ನಿಮಿಷ. ಮೊದಲು ಅಗಸ್ಟೀನ್ ಪಂಥದ ಸನ್ಯಾಸಿಗಳ ಮಠ ಆಗಿತ್ತು. 1536ರಲ್ಲಿ ಡ್ಯೂಕ್ ಉಲ್ರಿಷ್ ಪಾದ್ರಿಗಳಾಗುವ ಬಡ ಹುಡುಗರಿಗೆ ಊಟ-ವಸತಿ ಕೊಟ್ಟು ಓದಿಸುವ ವ್ಯವಸ್ಥೆ ಶುರು ಮಾಡಿದ. ನಮ್ಮ ಮಠಗಳ ಉಚಿತ ಪ್ರಸಾದ ನಿಲಯ ಇದೆಯಲ್ಲ, ಅದೇ ತರಹ. ಆ ಹಾಸ್ಟೆಲಿನಲ್ಲಿ ಯಾರ್ಯಾರು ಇದ್ದರು ನೋಡಿ. 1589ರಲ್ಲಿ ಸೇರಿದ ಕೆಪ್ಲರ್. ಗ್ರಹಗಳು ಸೂರ್ಯನ ಸುತ್ತ ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತುತ್ತವೆ ಅಂತ ಮುಂದೆ ಕಂಡುಹಿಡಿದವನು. ಸೂರ್ಯನೇ ಮಧ್ಯದಲ್ಲಿದ್ದಾನೆ ಅನ್ನುವ ಕೊಪರ್ನಿಕಸ್ ವಿಚಾರವನ್ನು ಅವನಿಗೆ ಹೇಳಿಕೊಟ್ಟದ್ದು ಇಲ್ಲಿನ ಮೇಷ್ಟ್ರು ಮೇಸ್ಟ್ಲಿನ್. ಇನ್ನೂರು ವರ್ಷ ಬಿಟ್ಟು ಹೋಲ್ಡರ್ಲಿನ್, ಹೆಗೆಲ್, ಶೆಲ್ಲಿಂಗ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿದ್ದರು. ಒಬ್ಬ ಕವಿ, ಇಬ್ಬರು ತತ್ವಜ್ಞಾನಿಗಳು, ಮೂವರ ಹೆಸರೂ ಜಗತ್ತಿಗೆಲ್ಲ ಗೊತ್ತು.

ಈಗಲೂ ವಿದ್ಯಾರ್ಥಿಗಳು ವಾಸ ಮಾಡುವ ಜಾಗ ಅದು. ಅಂಗಳದಲ್ಲಿ ನಿಂತು ಮೆಲ್ಲಗೆ ನೋಡಿ ಬನ್ನಿ, ಕೋಣೆಗಳ ಕಡೆ ಹೋಗಬೇಡಿ. ಪರೀಕ್ಷೆ ಹೊತ್ತಲ್ಲಿ ಪ್ರವಾಸಿಗಳ ಗಲಾಟೆಯಿಂದ ಹುಡುಗರಿಗೆ ಕಷ್ಟ ಆಗುತ್ತದೆ.

ಕೊಡಗಿನ_ಕಾಫಿ
ಮಾರ್ಕೆಟ್ ಚೌಕದ ಗಡಿಯಾರ ಮರೆಯಬೇಡಿ! ನಾನು ಎರಡು ವರ್ಷದ ಹಿಂದೆ ಹೋಗಿದ್ದೆ. ಟೌನ್ ಹಾಲ್ 1435ರದ್ದು. ಅದರ ಮುಂಭಾಗದ ಗೋಡೆ ತುಂಬಾ ಚಿತ್ರ, ಅವು ವಿಶ್ವವಿದ್ಯಾಲಯಕ್ಕೆ 400 ವರ್ಷ ತುಂಬಿದಾಗ ಬರೆಸಿದ್ದು. ಅದರ ಮೇಲೆ, ಚಾವಣಿ ಹತ್ತಿರ, ಖಗೋಳ ಗಡಿಯಾರ. 1511ರಲ್ಲಿ ಯೋಹಾನ್ನೆಸ್ ಶ್ಟೋಫ್ಲರ್ ಅನ್ನುವ ಗಣಿತದ ಪ್ರೊಫೆಸರ್ ಮಾಡಿದ್ದು. ಸೂರ್ಯನಿಗೊಂದು ಮುಳ್ಳು, ಚಂದ್ರನಿಗೊಂದು ಮುಳ್ಳು, ಸುತ್ತ ಹನ್ನೆರಡು ರಾಶಿ. ಮೂರನೆಯ ಮುಳ್ಳು ಒಂದಿದೆ, ಅದು ಡ್ರ್ಯಾಗನ್ ಆಕಾರದ್ದು. ನನಗೆ ಅದು ಸುಮ್ನೆ ಅಲಂಕಾರ ಅನ್ನಿಸಿತ್ತು. ಪಕ್ಕದಲ್ಲಿದ್ದ ಒಬ್ಬ ಅಜ್ಜ ಬಿಡಿಸಿ ಹೇಳಿದರು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳನ್ನು ಅದು ತೋರಿಸುತ್ತದಂತೆ. ಒಂದು ಕಡೆ ಡ್ರ್ಯಾಗನ್ ತಲೆ, ಇನ್ನೊಂದು ಕಡೆ ಬಾಲ. ಸೂರ್ಯ, ಚಂದ್ರ, ಡ್ರ್ಯಾಗನ್ ಮೂರೂ ಒಂದೇ ಗೆರೆಗೆ ಬಂದರೆ ಗ್ರಹಣ.

ತಲೆ ರಾಹು, ಬಾಲ ಕೇತು! ನಾನು ಅಲ್ಲೇ ನಿಂತು ನಮ್ಮ ತಾಯಿಗೆ ಫೋನ್ ಮಾಡಿ ಹೇಳಿದೆ.

ಹಳೇ_ಮೇಷ್ಟ್ರು
ಅಬ್ಬಾ! ನಮ್ಮ ಪಂಚಾಂಗದ ರಾಹು-ಕೇತು ಅಲ್ಲಿ ಟೌನ್ ಹಾಲಿನ ಗೋಡೆ ಮೇಲೆ ತಿರುಗುತ್ತಿದ್ದಾರೆ ಅನ್ನಿ. ಒಂದು ಸುತ್ತಿಗೆ 18 ವರ್ಷ ಏಳು ತಿಂಗಳ ಹತ್ತಿರ ಬೇಕು. ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ ಅಂತ ನಾವು ಹೇಳುವ ಲೆಕ್ಕವೂ ಇದೇ. ಕೊಡಗಿನವರೇ, ಇದನ್ನು ನೋಡಿ ಹೇಳಿದ್ದಕ್ಕೆ ತುಂಬಾ ಧನ್ಯವಾದ.

ಮಾನ್ಹೈಮ್_ಮಂಜ
ಇದೆಲ್ಲ ಕೇಳಿದ ಮೇಲೆ ನಾನೂ ಹೋಗಬೇಕು ಅನ್ನಿಸುತ್ತಿದೆ. ಕೋಟೆ ಇದೆಯಾ ಅಲ್ಲಿ? ಹತ್ತುವುದು ಕಷ್ಟವಾ?

ನೆಕ್ಕರ್_ತೀರ
ಇದೆ. ಹೋಹೆನ್‌ಟ್ಯೂಬಿಂಗೆನ್ ಕೋಟೆ. ಮಾರ್ಕೆಟ್ ಚೌಕದಿಂದ ಹತ್ತು ನಿಮಿಷದ ದಾರಿ, ಆದರೆ ಕಡಿದಾದ ಏರು, ನೆಲಕ್ಕೆ ಗುಂಡುಕಲ್ಲು ಹಾಸಿದ್ದಾರೆ. ಅಮ್ಮನನ್ನು ನಡೆಸಬೇಡಿ. ಕೆಳಗೆ ಟ್ಯಾಕ್ಸಿಯವರನ್ನು ಕೇಳಿ ನೋಡಿ. ಆಗದಿದ್ದರೆ ಅಮ್ಮ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂರಲಿ, ನೀವಿಬ್ಬರೂ ಹೋಗಿ ಬನ್ನಿ. ಮೇಲಿನ ಮ್ಯೂಸಿಯಂ ಸೋಮವಾರ, ಮಂಗಳವಾರ ಮುಚ್ಚಿರುತ್ತದೆ, ಹೊರಡುವ ಮುಂಚೆ ಒಮ್ಮೆ ಸಮಯ ನೋಡಿಕೊಳ್ಳಿ.

ಒಳಗೆ ಹೋಗುವ ಕೆಳಗಿನ ಬಾಗಿಲೇ ಒಂದು ನೋಟ, 1606-07ರ ಸುಮಾರಿನದ್ದು, ಕಲ್ಲಿನ ಕೆತ್ತನೆ ತುಂಬಾ ಇದೆ. ನೆಲಮಾಳಿಗೆಯಲ್ಲಿ 16ನೇ ಶತಮಾನದ ದೊಡ್ಡ ವೈನ್ ಪೀಪಾಯಿ, 80 ಸಾವಿರ ಲೀಟರ್‌ಗಿಂತ ಜಾಸ್ತಿ ಹಿಡಿಯುವಂಥದ್ದು. ಅಲ್ಲಿ ಬಾವಲಿಗಳು ವಾಸ ಮಾಡುವುದರಿಂದ ಜನರನ್ನು ಸುಲಭಕ್ಕೆ ಬಿಡುವುದಿಲ್ಲ.

ನಾನು ಯಾರೇ ಬಂದರೂ ಕರೆದುಕೊಂಡು ಹೋಗುವುದು ಎರಡು ಕಡೆಗೆ.

ಒಂದು, ಮ್ಯೂಸಿಯಂನ ಕತ್ತಲೆ ಕೋಣೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಕುದುರೆ. ಉದ್ದ 4.8 ಸೆಂಟಿಮೀಟರ್, ಅಂದರೆ ನಿಮ್ಮ ಹೆಬ್ಬೆರಳಿನಷ್ಟು. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು. ಕಾಲು ಮುರಿದಿವೆ, ಆದರೆ ಕತ್ತಿನ ಬಾಗು ನೋಡಿ. ಇದನ್ನು ಮಾಡಿದವರು ಕುದುರೆಯನ್ನು ದಿನಾ ನೋಡಿದವರು ಅಂತ ತಕ್ಷಣ ಗೊತ್ತಾಗುತ್ತದೆ. ವಯಸ್ಸು 35 ಸಾವಿರ ವರ್ಷಕ್ಕೂ ಮೇಲೆ. 1931ರಲ್ಲಿ ಫೋಗೆಲ್‌ಹೆರ್ಡ್ ಅನ್ನುವ ಗುಹೆ ಅಗೆದಾಗ ಸಿಕ್ಕಿದ್ದು. ಆ ಗುಹೆಗಳನ್ನು ಯುನೆಸ್ಕೋ 2017ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮನುಷ್ಯ ಮಾಡಿದ ಶಿಲ್ಪಗಳಲ್ಲಿ ಇದಕ್ಕಿಂತ ಹಳೆಯವು ಸಿಗುವುದು ಬಹಳ ಅಪರೂಪ. ಮೊದಲ ಸಲ ನೋಡಿದಾಗ ನಾನು ಇಪ್ಪತ್ತು ನಿಮಿಷ ಕದಲಲಿಲ್ಲ.

ಎರಡನೆಯದು, ಕೋಟೆಯ ಅಡುಗೆಮನೆ.

ಬೆಣ್ಣೆದೋಸೆ_ದಾವಣಗೆರೆ
ಅಡುಗೆಮನೆ ಯಾಕೆ? ರಾಜರ ಪಾತ್ರೆ ಇಟ್ಟಿದ್ದಾರಾ?

ನೆಕ್ಕರ್_ತೀರ
ಇಲ್ಲ, ಡಿಎನ್‌ಎ ಮೊದಲು ಸಿಕ್ಕಿದ ಜಾಗ ಅದು.

ಬೆಣ್ಣೆದೋಸೆ_ದಾವಣಗೆರೆ
ಡಿಎನ್‌ಎ ಕಂಡುಹಿಡಿದದ್ದು ಕೇಂಬ್ರಿಡ್ಜ್‌ನಲ್ಲಿ ಅಲ್ವಾ? ವಾಟ್ಸನ್-ಕ್ರಿಕ್, 1953. ಪಿಯುಸಿಯಲ್ಲಿ ಓದಿದ ನೆನಪು.

ನೆಕ್ಕರ್_ತೀರ
ಅವರು ಹೇಳಿದ್ದು ಅದರ ಆಕಾರ, ಆ ಎರಡು ಎಳೆಯ ಸುರುಳಿ. ಆ ವಸ್ತು ಇದೆ ಅಂತ ಮೊದಲು ಬೇರ್ಪಡಿಸಿ ತೋರಿಸಿದ್ದು ಇಲ್ಲಿ, 1869ರಲ್ಲಿ. ಆಗ ಕೋಟೆಯ ಹಳೇ ಅಡುಗೆಮನೆಯನ್ನು ವಿಶ್ವವಿದ್ಯಾಲಯ ರಸಾಯನ ಪ್ರಯೋಗಾಲಯ ಮಾಡಿಕೊಂಡಿತ್ತು. ಅಲ್ಲಿನ ಮುಖ್ಯಸ್ಥ ಹೋಪೆ-ಸೈಲರ್. ರಕ್ತದ ಕೆಂಪು ಬಣ್ಣದ ವಸ್ತುವಿಗೆ ಹಿಮೋಗ್ಲೋಬಿನ್ ಅಂತ ಹೆಸರಿಟ್ಟವರು ಅವರೇ. ಅವರ ಹತ್ತಿರ ಕೆಲಸ ಕಲಿಯಲು ಬಾಸೆಲ್‌ನಿಂದ ಫ್ರೀಡ್‌ರಿಷ್ ಮೀಶರ್ ಅನ್ನುವ ಹುಡುಗ ಬಂದ. ಅವನಿಗೆ ಜೀವಕೋಶದ ಒಳಗೆ ಏನಿದೆ ನೋಡಬೇಕಿತ್ತು. ಕೋಶ ಎಲ್ಲಿ ಸಿಗುತ್ತದೆ? ಊರಿನ ಶಸ್ತ್ರಚಿಕಿತ್ಸೆ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬ್ಯಾಂಡೇಜ್ ಬಟ್ಟೆ ತರಿಸಿಕೊಂಡ. ಅದರಲ್ಲಿನ ಕೀವು ತೊಳೆದು ಬಿಳಿ ರಕ್ತಕಣ ತೆಗೆದ, ಅದರಿಂದ ಕೋಶಕೇಂದ್ರ ಬಿಡಿಸಿದ. ಕೊನೆಗೆ ಕೊಳವೆಯ ತಳದಲ್ಲಿ ಬಿಳಿ ನೂಲಿನಂಥದ್ದು ನಿಂತಿತು. ಅದರಲ್ಲಿ ರಂಜಕ ತುಂಬಾ ಇತ್ತು. ಪ್ರೋಟೀನ್ ತರಹ ಇಲ್ಲ. ನ್ಯೂಕ್ಲಿಯಿನ್ ಅಂತ ಹೆಸರಿಟ್ಟ. ಗುರುಗಳು ನಂಬಲಿಲ್ಲ. ತಾವೇ ಮತ್ತೆ ಮಾಡಿ ನೋಡಿ, ಖಾತ್ರಿಯಾದ ಮೇಲೇ 1871ರಲ್ಲಿ ಅಚ್ಚು ಹಾಕಿಸಿದರು.

ಕಮಾನಿನ ದಪ್ಪ ಗೋಡೆಯ ತಣ್ಣನೆಯ ಕೋಣೆ ಅದು. ಈಗ ಸಣ್ಣ ಪ್ರದರ್ಶನ ಇದೆ. ಬೆಚ್ಚಗಿನ ಜಾಗದಲ್ಲಿ ಈ ಕೆಲಸ ಕೆಟ್ಟುಹೋಗುತ್ತಿತ್ತು. ಅಡುಗೆಮನೆಯ ಆ ಚಳಿಯೇ ಮೀಶರ್‌ಗೆ ಅನುಕೂಲವಾಯಿತು. ನಾನು ಜೀವಶಾಸ್ತ್ರದವನು, ನನಗೆ ಅದು ದೇವಸ್ಥಾನದ ಗರ್ಭಗುಡಿ ಇದ್ದ ಹಾಗೆ.

ಕೊಡಗಿನ_ಕಾಫಿ
ಶ್ಟಿಫ್ಟ್ಸ್‌ಕಿರ್ಖೆ ಚರ್ಚೂ ನೋಡಿ. 1470ರಲ್ಲಿ ಶುರು ಮಾಡಿದ್ದು. ಒಳಗೆ ವ್ಯುರ್ಟೆಂಬರ್ಗ್ ದೊರೆಗಳ ಸಮಾಧಿಗಳಿವೆ. ಒಬ್ಬೊಬ್ಬರೂ ಕಲ್ಲಲ್ಲಿ ಮಲಗಿದ ಹಾಗೆ ಕೆತ್ತಿದ್ದಾರೆ. ಹೊರಗೆ ಒಂದು ಕಿಟಕಿಗೆ ಕಂಬಿ ಬದಲು ಕಲ್ಲಿನ ಚಕ್ರ, ಚಕ್ರಕ್ಕೆ ಸಿಕ್ಕಿಸಿದ ಮನುಷ್ಯ. ಊರಿನ ಕತೆ ಹೀಗೆ. ಇಬ್ಬರು ಕೆಲಸ ಕಲಿಯುವ ಹುಡುಗರು ಊರೂರು ತಿರುಗಲು ಹೋದರು. ಒಬ್ಬನೇ ವಾಪಸ್ ಬಂದ. ಇವನೇ ಕೊಂದಿದ್ದಾನೆ ಅಂತ ಚಕ್ರಕ್ಕೆ ಹಾಕಿ ಕೊಂದರು. ಆಮೇಲೆ ಇನ್ನೊಬ್ಬ ಜೀವಂತ ಬಂದ. ತಿಳಿದವರು ಅದು ಸಂತ ಜಾರ್ಜ್‌ಗೆ ಚಿತ್ರಹಿಂಸೆ ಕೊಟ್ಟ ದೃಶ್ಯ ಅನ್ನುತ್ತಾರೆ. ನನಗೆ ಮಾತ್ರ ಊರಿನ ಕತೆಯೇ ಮನಸ್ಸಲ್ಲಿ ಉಳಿದಿದೆ.

ಚರ್ಚಿನ ಎದುರಿಗೆ ಹೋಲ್ಸ್‌ಮಾರ್ಕ್ಟ್ ಚೌಕ. ಅಲ್ಲಿ ಹೆಕೆನ್‌ಹೌಯರ್ ಪುಸ್ತಕದಂಗಡಿ. ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ 1899ರ ತನಕ ಅಲ್ಲಿ ಕೆಲಸ ಕಲಿತದ್ದು.

ಕುಡ್ಲದ_ಹೆಂಚು
ಆ ಹೆಸ್ಸೆ ಗುಂಡರ್ಟ್ ಅವರ ಮೊಮ್ಮಗ! ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ, 1842ರಲ್ಲಿ. ಎಲ್ಲಿಂದ ಎಲ್ಲಿಗೆ ಎಳೆ ಹೋಗುತ್ತದೆ ನೋಡಿ.

ಹಳೇ_ಮೇಷ್ಟ್ರು
ಒಂದು ಪ್ರಶ್ನೆ. ಅಲ್ಲಿ ಸಂಸ್ಕೃತ ಕಲಿಸುತ್ತಿದ್ದ ರೋತ್ ಎಂಬವರು ಇದ್ದರು, ಅಥರ್ವವೇದ ಅಚ್ಚು ಹಾಕಿಸಿದವರು. ಟ್ಯೂಬಿಂಗೆನ್ ಅದೇ ಊರು ತಾನೇ?

ನೆಕ್ಕರ್_ತೀರ
ಅದೇ ಊರು ಸರ್. ರುಡಾಲ್ಫ್ ರೋತ್. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಚ್ಚಾದ ದೊಡ್ಡ ಸಂಸ್ಕೃತ ನಿಘಂಟು ಬ್ಯೋತ್‌ಲಿಂಕ್ ಜೊತೆ ಇವರು ಮಾಡಿದ್ದು. ಕಾಶ್ಮೀರದಿಂದ ಇವರಿಗೆ ಬಂದ ಭೂರ್ಜಪತ್ರದ (ಮರದ ತೊಗಟೆಯ ಮೇಲೆ ಬರೆದ) ಅಥರ್ವವೇದ ಹಸ್ತಪ್ರತಿ, ಪೈಪ್ಪಲಾದ ಅನ್ನುವ ಪಾಠ ಪರಂಪರೆಯದ್ದು, ಇಲ್ಲಿನ ಗ್ರಂಥಾಲಯದಲ್ಲಿದೆ. ಅದನ್ನು ಬೇಕೆಂದಾಗ ಹೋಗಿ ನೋಡುವ ಹಾಗಿಲ್ಲ. ಆದರೂ ಗ್ರಂಥಾಲಯದ ಮುಂದೆ ಹಾದು ಹೋಗುವಾಗ ಒಳಗೆ ಅದು ಇದೆ ಅಂತ ಗೊತ್ತಿರುವುದೇ ಒಂದು ಸಂತೋಷ.

ಇನ್ನೊಂದು ಮಾತು ಹೇಳಲೇಬೇಕು. ಊರು ಚಂದ ಇದೆ ಅಂತ ಚಂದದ್ದನ್ನಷ್ಟೇ ತೋರಿಸಬೇಡಿ. 1477ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಕೌಂಟ್ ಎಬರ್‌ಹಾರ್ಡ್ ಅದೇ ವರ್ಷ ಯಹೂದಿಗಳನ್ನು ಊರಿಂದ ಹೊರಗೆ ಹಾಕಿದ. ನಾಲ್ಕು ಶತಮಾನ ಕಳೆದು, 1882ರಲ್ಲಿ ಅವರು ಗಾರ್ಟೆನ್ ಬೀದಿಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಿಕೊಂಡರು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಅದನ್ನು ಸುಟ್ಟರು. ಈಗ ಆ ಜಾಗದಲ್ಲಿ ಸ್ಮಾರಕ ಇದೆ. ನೆಕ್ಕರ್ ಸೇತುವೆಯಿಂದ ದೂರವಿಲ್ಲ. ಅಲ್ಲಿ ಗಿಜಿಗಿಜಿ ಇರುವುದಿಲ್ಲ. ಎರಡು ನಿಮಿಷ ನಿಂತು ಬನ್ನಿ.

ಧಾರವಾಡದ_ಮಗಳು
ಖಂಡಿತ ಹೋಗುತ್ತೇವೆ ಅಣ್ಣ. ಟಿಕೆಟ್, ಊಟದ ವಿಷಯ ಯಾರಾದರೂ ಹೇಳಿ. ಅಪ್ಪ-ಅಮ್ಮ ಇಬ್ಬರೂ ಸಸ್ಯಾಹಾರಿ.

ಮಾನ್ಹೈಮ್_ಮಂಜ
ಟಿಕೆಟ್ ನನಗೆ ಗೊತ್ತು. ಮೂವರಿಗೂ ಸೇರಿ ಬಾಡೆನ್-ವ್ಯುರ್ಟೆಂಬರ್ಗ್ ದಿನದ ಟಿಕೆಟ್ ತೆಗೆಯಿರಿ. ಐದು ಜನರ ತನಕ ಒಂದೇ ಟಿಕೆಟ್‌ಗೆ ಸೇರಿಸಬಹುದು. ವಾರದ ದಿನ ಬೆಳಗ್ಗೆ 9ರ ನಂತರ ಮಾತ್ರ ನಡೆಯುತ್ತದೆ. ಟಿಕೆಟ್ ಮೇಲೆ ಹೆಸರು ಬರೆಯುವುದು ಮರೆಯಬೇಡಿ.

ಕೊಡಗಿನ_ಕಾಫಿ
ಊಟಕ್ಕೆ ಕೇಸೆ-ಶ್ಪೆಟ್ಸ್ಲೆ ಕೇಳಿ. ಹಿಟ್ಟಿನ ಸಣ್ಣ ಸಣ್ಣ ಎಳೆ, ಮೇಲೆ ಚೀಸ್, ಹುರಿದ ಈರುಳ್ಳಿ. ಮೊಟ್ಟೆ ಹಾಕಿರುತ್ತಾರೆ, ಮೊಟ್ಟೆ ತಿನ್ನದವರಾದರೆ ಅದೂ ಬೇಡ. ಮೌಲ್‌ಟಾಶೆನ್ ನೋಡಲು ಕಡುಬಿನ ಹಾಗಿರುತ್ತದೆ, ಒಳಗೆ ಮಾಂಸ. ಚಪಾತಿ-ಪಲ್ಯ ಕಟ್ಟಿಕೊಂಡು ದ್ವೀಪದ ಬೆಂಚಿನ ಮೇಲೆ ತಿನ್ನುವುದು ಎಲ್ಲಕ್ಕಿಂತ ಒಳ್ಳೆಯದು.

ನೆಕ್ಕರ್_ತೀರ
ಉಳಿದ ಅರ್ಧ ದಿನಕ್ಕೆ ಬೇಬೆನ್‌ಹೌಸೆನ್. ಊರಿಂದ ಐದಾರು ಕಿಲೋಮೀಟರ್, ಕಾಡಿನ ಅಂಚಿನಲ್ಲಿ. 12ನೇ ಶತಮಾನದ ಮಠ. ಊಟದ ಹಾಲಿನ ಕಂಬಗಳು ಮೇಲೆ ಹೋಗಿ ತಾಳೆಗರಿ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತವೆ. ವ್ಯುರ್ಟೆಂಬರ್ಗಿನ ಕೊನೆಯ ರಾಜ ಗದ್ದುಗೆ ಬಿಟ್ಟ ಮೇಲೆ ಇಲ್ಲಿದ್ದು, 1921ರಲ್ಲಿ ಇಲ್ಲೇ ತೀರಿಕೊಂಡ. ಬಸ್ ಇದೆ, ಜಾಸ್ತಿ ಹತ್ತಬೇಕಾಗಿಲ್ಲ.

ಧಾರವಾಡದ_ಮಗಳು
ಎಲ್ಲರಿಗೂ ನಮಸ್ಕಾರ, ಹೋಗಿ ಬಂದೆವು! ಮೂರು ವಾರ ಆಯಿತು. ಅಪ್ಪ-ಅಮ್ಮ ವಾಪಸ್ ಹೋಗುವ ಮುಂಚೆ ಬರೆಯೋಣ ಅಂತ ಕೂತಿದ್ದೇನೆ. ಪಕ್ಕದಲ್ಲಿ ಅಪ್ಪ ಕೂತು ಇದು ಸೇರಿಸು, ಅದು ಸೇರಿಸು ಅನ್ನುತ್ತಿದ್ದಾರೆ.

ದೋಣಿ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿತು. ಜಲ್ಲೆ ಹಿಡಿದ ಹುಡುಗಿ ವಿದ್ಯಾರ್ಥಿನಿ, ಅಮ್ಮನ ಕೈ ಹಿಡಿದು ಕೂರಿಸಿದಳು. ಗೋಪುರದ ಹತ್ತಿರ ಬಂದಾಗ ನಾನು ಬಡಗಿಯ ಕತೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಆ ಬಡಗಿಯ ಮಗಳ ಹೆಸರೇನು ಅಂತ. ನನಗೆ ಗೊತ್ತಿರಲಿಲ್ಲ. ಒಳಗೆ ಮ್ಯೂಸಿಯಂನವರನ್ನು ಕೇಳಿದೆವು. ಲೋಟ್ಟೆ. ಅಮ್ಮ ಆ ಹೆಸರನ್ನು ಎರಡು ಸಲ ಹೇಳಿಕೊಂಡರು.

ಕೋಟೆಗೆ ಅಪ್ಪ ಮತ್ತು ನಾನು ಹೋದೆವು. ಕುದುರೆ ಮುಂದೆ ಅಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿ, ಮತ್ತೆ ತೆಗೆದರು. ಗಾಜಿಗೆ ಮೂಗು ತಾಗುವಷ್ಟು ಬಾಗಿದ್ದರು.

ಗಡಿಯಾರದ ಹತ್ತಿರ ಅರ್ಧ ಗಂಟೆ ನಿಂತೆವು. ಮೇಷ್ಟ್ರೇ, ನಿಮ್ಮ ಒಂದೂವರೆ ವರ್ಷದ ಲೆಕ್ಕ ಓದಿ ಹೇಳಿದೆ. ಅಪ್ಪ ಜೇಬಿನಿಂದ ಪುಟ್ಟ ಪಂಚಾಂಗ ತೆಗೆದರು. ಧಾರವಾಡದಿಂದ ತಂದಿದ್ದರು, ನನಗೆ ಗೊತ್ತೇ ಇರಲಿಲ್ಲ. ಮುಳ್ಳು ಎಲ್ಲಿದೆ, ಪಂಚಾಂಗದಲ್ಲಿ ರಾಹು ಎಲ್ಲಿದ್ದಾನೆ ಅಂತ ಹೋಲಿಸಿ ನೋಡಿದರು. ಅಲ್ಲಿಯದು ಸಾಯನ (ವಿಷುವದಿಂದ ಎಣಿಸುವ ಲೆಕ್ಕ), ನಮ್ಮದು ನಿರಯನ (ನಕ್ಷತ್ರಗಳಿಂದ ಎಣಿಸುವ ಲೆಕ್ಕ), ಅದಕ್ಕೆ ರಾಶಿಯಲ್ಲಿ ಹೆಚ್ಚುಕಡಿಮೆ 24 ಡಿಗ್ರಿ ವ್ಯತ್ಯಾಸ ಬರುತ್ತದೆ ಅಂತ ನನಗೆ ಬಿಡಿಸಿ ಹೇಳಿದರು. ಚೌಕದಲ್ಲಿ ತರಕಾರಿ ಮಾರುವವರೂ ನಿಂತು ನೋಡುತ್ತಿದ್ದರು.

ಸಂಜೆ ದ್ವೀಪದ ಬೆಂಚಿನ ಮೇಲೆ ಕೂತಾಗ ಅಪ್ಪ ಚೀಲದಿಂದ ಒಂದು ಜೆರಾಕ್ಸ್ ಹಾಳೆ ತೆಗೆದರು. ಕಿಟೆಲ್ ನಿಘಂಟಿನ ಒಂದು ಪುಟ, ಹೊಳೆ ಅನ್ನುವ ಪದ ಇರುವ ಪುಟ. ಪೆನ್ಸಿಲ್‌ನಲ್ಲಿ ಅವರದೇ ಹಳೇ ಗುರುತುಗಳಿದ್ದವು. ಆ ಪದದ ಅರ್ಥವನ್ನು, ಪಕ್ಕದಲ್ಲಿ ಕೊಟ್ಟ ಬೇರೆ ಭಾಷೆಯ ರೂಪಗಳನ್ನು ಜೋರಾಗಿ ಓದಿದರು. ಎದುರಿಗೆ ನೆಕ್ಕರ್ ಹರಿಯುತ್ತಿತ್ತು. ಈ ಮನುಷ್ಯ ಈ ನೀರು ನೋಡುತ್ತಾ ನಮ್ಮ ಮಾತು ನೆನೆಸಿಕೊಂಡಿರಬೇಕು ನೋಡು, ಅಂದರು. ಆಮೇಲೆ ಚಪಾತಿ ಡಬ್ಬಿ ಬಿಚ್ಚಿದೆವು.

ಸ್ಮಾರಕಕ್ಕೂ ಹೋಗಿದ್ದೆವು. ಬೇಬೆನ್‌ಹೌಸೆನ್ ಮಾತ್ರ ಮಳೆ ಬಂದು ತಪ್ಪಿತು.

ಹಳೇ_ಮೇಷ್ಟ್ರು
ನಿಮ್ಮ ತಂದೆಯವರಿಗೆ ಮೈಸೂರಿನಿಂದ ನನ್ನ ನಮಸ್ಕಾರ ತಿಳಿಸಿ ತಾಯಿ. ಆ ಗಡಿಯಾರದ ಒಂದು ಫೋಟೋ ಇದ್ದರೆ ಹಾಕುತ್ತೀರಾ?

ಧಾರವಾಡದ_ಮಗಳು
ಹೇಳಿದೆ ಸರ್, ಅವರೂ ನಿಮಗೆ ನಮಸ್ಕಾರ ಹೇಳಿದ್ದಾರೆ. ಫೋಟೋ ರಾತ್ರಿ ಹಾಕುತ್ತೇನೆ, ಡ್ರ್ಯಾಗನ್ ಮುಳ್ಳು ಕಾಣುವ ಹಾಗೆ ದೊಡ್ಡದು ಮಾಡಿ.